ಹೊಟ್ಟೆ ರೊಕ್ಕ, ಗ್ವಾಡಿ ರೊಕ್ಕ

ಮೊಮ್ಮಗಳು ನಿನ್ನೆ ಸಂಜೆ ಬಂದವಳೇ ಗೂಟಕ್ಕೆ ಹಾಕಿದ ಓಢಣಿಯನ್ನು ಒಗೆಯೋಣವೆಂದು ಇವತ್ತು ಬೆಳಿಗ್ಗೆ ಕೈಗೆತ್ತಿಕೊಂಡೆ. ಸಾಬೂನು ಹಚ್ಚುವ ಮೊದಲು ಬಟ್ಟೆಯನ್ನೊಮ್ಮೆ ಮೂಸಿ ನೋಡುವುದು ನನ್ನ ಹಳೆಯ ಚಾಳಿ. ಸೊಸೆ ನಗುತ್ತಾಳೆ, ನಗಲಿ. ಯಾರು ಎಲ್ಲಿಗೆ ಹೋಗಿದ್ದರು, ಯಾರ ಮಗ್ಗುಲಲ್ಲಿ ಕುಳಿತಿದ್ದರು, ಹೊರಗೆ ಏನು ತಿಂದು ಬಂದು ಮನೆಯಲ್ಲಿ ಹಸಿವಿಲ್ಲ ಅಂದರು, ಎಲ್ಲ ಗೊತ್ತಾಗುತ್ತದೆ. ಮೂಸಿದೆ. ನಂಬಿಕೆ ಬರಲಿಲ್ಲ, ಮತ್ತೊಮ್ಮೆ ಮೂಸಿದೆ. ಆಮೇಲೆ ಸಾಬೂನು ಅತ್ತ ಇಟ್ಟು, ಓಢಣಿಯನ್ನು ಎದೆಗೆ ಅವುಚಿಕೊಂಡು ಬಚ್ಚಲ ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ಯಾಕೆ ಕುಳಿತೆ ಅನ್ನುವುದನ್ನು ಹೇಳಬೇಕಾದರೆ ಕರಡಿಯಿಂದ ಶುರು ಮಾಡಬೇಕು. ನಿಮಗೆ ಕೆಲಸವಿದ್ದರೆ ಮುಗಿಸಿಕೊಂಡು ಬನ್ನಿ. ಸಂತೋಷ ಹೆಚ್ಚಾದಾಗ ನನ್ನ ಮಾತು ನೆಟ್ಟಗೆ ನಡೆಯುವುದಿಲ್ಲ, ಸಂತೆಗೆ ಹೊರಟ ದನದ ಹಾಗೆ ಬದುವಿನ ಹುಲ್ಲಿಗೆಲ್ಲ ಬಾಯಿ ಹಾಕುತ್ತಾ ಹೋಗುತ್ತದೆ.

ನನ್ನ ಮೊಮ್ಮಗಳ ಹೆಸರು ಭಾಗ್ಯವಂತಿ. ಮಗನಿಗೆ ಮದುವೆಯಾಗಿ ಬಹಳ ದಿನ ಮಕ್ಕಳಾಗದೆ, ನಾನು ಘತ್ತರಗಿಗೆ ಹೋಗಿ ಭೀಮಾ ಹೊಳೆಯಲ್ಲಿ ಮುಳುಗಿ ಒದ್ದೆ ಸೀರೆಯಲ್ಲೇ ಅಲ್ಲಿನ ಭಾಗ್ಯವಂತಿ ದೇವಿಗೆ ಹರಕೆ ಹೊತ್ತು ಬಂದ ಮೇಲೆ ಹುಟ್ಟಿದವಳು. ಮನೆಯಲ್ಲಿ ಎಲ್ಲರಿಗೂ ಭಾಗೂ. ಕಲಬುರಗಿಯ ಕಾಲೇಜಿನಲ್ಲಿ ಹಿಸಾಬಿನ ವಿದ್ಯೆ ಕಲಿತಳು. ಬ್ಯಾಂಕಿಗೆ ಸೇರುತ್ತಾಳೆಂದು ನಾವೆಲ್ಲ ಅಂದುಕೊಂಡರೆ ಇವಳು ಹೋಗಿ ಸೇರಿದ್ದು ಝೂಗೆ. ನಮ್ಮ ಅಫಜಲಪುರದಿಂದ ಚೌಡಾಪುರದ ಕಡೆಗೆ ಹೋಗುವ ದಾರಿಯಲ್ಲಿ ಬೇವಿನ ಮರಗಳ ನಡುವೆ ಒಂದು ಟ್ರಸ್ಟಿನವರ ಸಣ್ಣ ಝೂ ಇದೆ. ಹಿಂದೆ ಯಾರೋ ಪುಣ್ಯಾತ್ಮರು ಹೊಲ ಬಿಟ್ಟುಕೊಟ್ಟು, ಗಾಯಗೊಂಡ ಜಿಂಕೆ, ರೆಕ್ಕೆ ಮುರಿದ ನವಿಲು, ಬಾವಿಗೆ ಬಿದ್ದ ತೋಳ ಇಂಥವಕ್ಕೆಲ್ಲ ನೆರಳು ಮಾಡಿದರು. ಯಾರ ಲಾಭಕ್ಕೂ ನಡೆಯುವ ಧಂದೆಯಲ್ಲ. ಬಂದದ್ದೆಲ್ಲ ಪ್ರಾಣಿಗಳ ಹೊಟ್ಟೆಗೆ.

ಭಾಗೂ ಅಲ್ಲಿ ಸೇರಿದಳೆಂದು ಗೊತ್ತಾದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ಬೀಗರು. ಆಳಂದ ತಾಲೂಕಿನ ಭೂಸನೂರಿನವರು, ಸಿದ್ರಾಮಪ್ಪ ಅಂತ, ನನ್ನ ಸೊಸೆಯ ತಂದೆ. ಕಬ್ಬಿನ ರೈತರು. ದನಿ ಎಂಥದೆಂದರೆ ಅವರು ಫೋನಿನಲ್ಲಿ ಮಾತಾಡಿದರೆ ಫೋನ್ ಬೇಕಾಗಿಲ್ಲ ಅನ್ನಿಸುತ್ತದೆ.

“ಏನ್ರಿ ಬೀಗ್ತೇರೆ, ಮನಷ್ಯಾರ ಹಿಸಾಬ ಬರೀಲಿ ಅಂತ ಓದಿಸಿದ್ರ, ನಮ್ಮ ಮಮ್ಮಗಳು ಮಂಗ್ಯಾನ ಹಿಸಾಬ ಬರ್ಯಾಕ ಹೋಗ್ಯಾಳಂತ!”

“ಮಂಗ್ಯಾ ಸಾಲ ಮಾಡಿ ಓಡಿ ಹೋಗಂಗಿಲ್ಲ ಬೀಗರೇ” ಅಂದೆ. ಬೀಗರ ಮುಂದೆ ಸೋಲುವುದು ನಮ್ಮ ಮನೆತನದಲ್ಲೇ ಇಲ್ಲ. ಫೋನ್ ಇಟ್ಟ ಮೇಲೆ ಮಾತ್ರ, ಮಂಗ್ಯಾನ ಹಿಸಾಬು ಅಂದರೆ ಏನಿರಬಹುದೆಂದು ನನಗೂ ಚಿಂತೆಯಾಯಿತು.

ಸೇರಿದ ಒಂದು ವಾರಕ್ಕೇ ಅವಳ ಓಢಣಿ ಹೊಸ ವಾಸನೆ ತರತೊಡಗಿತು. ಫಿನಾಯಿಲು, ತುಕ್ಕು ಹಿಡಿದ ಕಬ್ಬಿಣ, ಮತ್ತೆ ಅವೆರಡರ ಕೆಳಗೆ ಒಂದು ಕಮಟು ಕೂದಲಿನ ವಾಸನೆ. ಆ ಮೂರನೆಯದು ಮೂಗಿಗೆ ಬಡಿದ ಕೂಡಲೇ ನನ್ನ ಕಾಲು ತಣ್ಣಗಾದವು. ಯಾಕೆಂದರೆ ಅದು ನನಗೆ ಗೊತ್ತಿದ್ದ ವಾಸನೆ.

ನಾನು ಸಣ್ಣವಳಿದ್ದಾಗ ನಮ್ಮೂರಿಗೆ ಕರಡಿಯವರು ಬರುತ್ತಿದ್ದರು. ಡಮರು ಬಡಿಯುವ ಸದ್ದು ಕೇಳಿದರೆ ಊರೆಲ್ಲ ಅಗಸಿ ಬಾಗಿಲ ಮುಂದೆ. ಮೂಗಿಗೆ ಹಗ್ಗ ಪೋಣಿಸಿದ ಕರಡಿ ಎರಡು ಕಾಲಿನ ಮೇಲೆ ನಿಂತು ಕುಣಿಯುತ್ತಿತ್ತು. ಅಂಜುಬುರುಕ ಮಕ್ಕಳನ್ನು ಕರಡಿಯ ಬೆನ್ನ ಮೇಲೆ ಕೂರಿಸಿದರೆ ಅಂಜಿಕೆ ಹೋಗುತ್ತದೆಂದು ಆಗ ನಂಬಿಕೆ. ನಾನು ಊರಿಗೇ ದೊಡ್ಡ ಅಂಜುಬುರುಕಿ. ಹಲ್ಲಿ ಲೊಚಗುಟ್ಟಿದರೂ ಅವ್ವನ ಸೆರಗಿನೊಳಗೆ ಹೋಗುವವಳು. ಅಪ್ಪ ನನ್ನನ್ನು ಎತ್ತಿ ಕೂರಿಸಿಯೇಬಿಟ್ಟ. ಅಂಜಿಕೆ ಹೋಗಲಿಲ್ಲ, ಬೇರೊಂದು ಹೋಯಿತು, ಕರಡಿಯ ಬೆನ್ನೆಲ್ಲ ಒದ್ದೆಯಾಯಿತು. ಊರು ಬಿದ್ದು ಬಿದ್ದು ನಕ್ಕಿತು. ಕರಡಿ ಮಾತ್ರ ಕುತ್ತಿಗೆ ಹೊರಳಿಸಿ ನನ್ನನ್ನು ನೋಡಿತು. ಅದರ ಮೂಗಿನಲ್ಲಿ ಹಗ್ಗ ಇದ್ದ ಜಾಗದಲ್ಲಿ ನೊಣ ಮುತ್ತಿದ್ದವು. ಆ ಮುಖ ನನ್ನ ಕಣ್ಣಲ್ಲಿ ಹಾಗೇ ಉಳಿಯಿತು. ಈಗ ಆ ಆಟವನ್ನೆಲ್ಲ ಸರ್ಕಾರ ನಿಲ್ಲಿಸಿದೆ, ಒಳ್ಳೆಯದಾಯಿತು.

“ಹಿಸಾಬ ಬರ್ಯಾಕಿ ಅರಿವಿಗೆ ಕರಡಿ ವಾಸನಿ ಯಾಕ ಬೇ?” ಅಂತ ಭಾಗೂನನ್ನು ಕೇಳಿದೆ.

“ನಿಂಗೀ ಮುಂದ ಕುಂತು ಊಟ ಮಾಡ್ತೇನಿ ಆಯಿ. ಒಬ್ಬಾಕೀನೇ ಇರ್ತಾಳ, ಪಾಪ.”

ನಿಂಗಿ ಅಂದರೆ ಕರಡಿ. ಬಳ್ಳಾರಿ ಕಡೆಯ ಗುಡ್ಡದಲ್ಲಿ ತಾಯಿ ಸತ್ತು, ಮುಂಗಾಲು ಮುರಿದು ಬಿದ್ದಿದ್ದ ಮರಿಯನ್ನು ಅರಣ್ಯದವರು ತಂದು ಇಲ್ಲಿ ಬಿಟ್ಟಿದ್ದರಂತೆ. ಕಾಲು ಕೂಡಿತು, ಮರಿ ದೊಡ್ಡದಾಯಿತು, ಆದರೆ ಇದ್ದ ಪಂಜರ ಮರಿಯಿದ್ದಾಗಿನದೇ.

ನನಗೆ ತಡೆಯಲಾಗದೆ ಒಂದು ದಿನ ಅವಳ ಜೊತೆ ಬಸ್ಸು ಹತ್ತಿದೆ. ನಿಂಗಿಯನ್ನು ನೋಡಿಕೊಳ್ಳುವ ರಸೂಲ್ ಅನ್ನುವವರು ಜೋಳದ ಗಂಜಿಗೆ ಬೆಲ್ಲ ಹಾಕಿ ತಿರುವುತ್ತಾ ನಿಂತಿದ್ದರು. ನನಗಿಂತ ಸ್ವಲ್ಪ ಸಣ್ಣವರು, ಗಡ್ಡ ಬೆಳ್ಳಗಾಗಿದೆ.

“ಬರ್ರಿ ಅಮ್ಮಾ, ಅಂಜಬ್ಯಾಡ್ರಿ. ಇಕಿ ಭಾಳ ಷರೀಫ್ ಇದ್ದಾಳ” ಅಂದರು.

ಷರೀಫಳೇ ಇರಬಹುದು, ನಾನು ಬೇವಿನ ಮರದ ಹಿಂದೆಯೇ ನಿಂತೆ. ಅಲ್ಲಿಂದಲೇ ನನ್ನ ಕರಡಿ ಸವಾರಿಯ ಕತೆ ಹೇಳಿದೆ. ರಸೂಲ್ ನಗಲಿಲ್ಲ. ಗಂಜಿಯ ಸೌಟು ಕೆಳಗಿಟ್ಟು, “ನಮ್ಮ ದಾದಾ, ಅಪ್ಪನ ಅಪ್ಪ, ಕರಡಿ ಹಿಡಕೊಂಡು ಈ ಕಡೆ ಊರೂರು ತಿರಿಗ್ಯಾರ್ರಿ. ನಿಮ್ಮನ್ನ ಹತ್ತಿಸಿದ್ದು ಅವರದೇ ಕರಡಿ ಇದ್ರೂ ಇರಬಹುದು” ಅಂದರು.

“ಹಂಗಿದ್ರ ಅದನ್ನ ತೊಳಿಯೂ ಕರ್ಮ ನಿಮ್ಮ ದಾದಾಗ ಬಂದಿರ್ತದ ತಮ್ಮಾ” ಅಂದೆ. ಆಗ ನಕ್ಕರು. ಇಬ್ಬರೂ ನಗುತ್ತಿದ್ದಾಗ ನಾನು ಮರದ ಹಿಂದಿನಿಂದ ಯಾವಾಗ ಈಚೆ ಬಂದೆನೋ ನನಗೇ ತಿಳಿಯದು.

ನಿಂಗಿ ಸಿಮೆಂಟಿನ ನೆಲದ ಮೇಲೆ ಈ ಸರಳಿನಿಂದ ಆ ಸರಳಿಗೆ ನಡೆಯುತ್ತಿದ್ದಳು. ತಿರುಗುವಾಗಲೆಲ್ಲ ತಲೆಯನ್ನು ಒಂದೇ ರೀತಿ ತೂಗುತ್ತಿದ್ದಳು, ಗಾಣದ ಎತ್ತಿನ ಹಾಗೆ. ಎಷ್ಟೋ ಹೊತ್ತು ನೋಡಿದೆ. ಹಗ್ಗವಿರಲಿಲ್ಲ, ಡಮರು ಇರಲಿಲ್ಲ, ಹೊಟ್ಟೆ ತುಂಬಿತ್ತು. ಆದರೂ ಆ ಹಳೆಯ ಕರಡಿಯ ಮುಖವೇ ಕಂಡಿತು.

“ಅಂಗಳ ಬೇಕ್ರಿ ಇಕಿಗೆ. ಮಣ್ಣ ಕೆದರೂದು ಕರಡಿ ಜಾತಿ ಗುಣ. ಇಕಿ ಹುಟ್ಟಿದ ಮ್ಯಾಗ ಮಣ್ಣು ಮುಟ್ಟಿದ್ದು ಎಷ್ಟೋ ಏನೋ” ಅಂದರು ರಸೂಲ್.

“ಮತ್ತ ಅಂಗಳ ಮಾಡಿ ಕೊಡ್ರೆಲ್ಲ, ರೊಕ್ಕ ಇಲ್ಲೇನು?” ಅಂತ ಮೊಮ್ಮಗಳನ್ನು ಗದರಿಸಿದೆ. ಇಡೀ ಝೂದ ತಿಜೋರಿ ಇವಳ ಸೊಂಟದಲ್ಲೇ ಇದೆ ಅಂತ ನನ್ನ ತಿಳುವಳಿಕೆ.

ಭಾಗೂ ಆ ರಾತ್ರಿ ನಾನು ರೊಟ್ಟಿ ಬಡಿಯುವಾಗ ಒಲೆಯ ಮುಂದೆ ಬಂದು ಕುಳಿತಳು. ನನಗೆ ಝೂದ ಹಿಸಾಬು ತಿಳಿಸಿದ್ದು ಆವತ್ತೇ. ಬಲು ಚೆಂದ ತಿಳಿಸಿದಳು, ನೀವೂ ಕೇಳಿ.

“ಆಯಿ, ನಮ್ಮನ್ಯಾಗ ವರ್ಷದ ಜ್ವಾಳ, ಬ್ಯಾಳಿ, ಎಣ್ಣಿ, ದವಾಖಾನಿ, ಇದಕ್ಕೆಲ್ಲ ರೊಕ್ಕ ಹೋಗ್ತದಲ್ಲ? ಅದು ಹೊಟ್ಟಿ ರೊಕ್ಕ. ಇವತ್ತ ತಿಂದ್ರ ನಾಳಿಗಿ ಮತ್ತ ಬೇಕು. ಮನಿ ಗ್ವಾಡಿ ಬಿದ್ರ?”

“ಅದಕ್ಕ ಬ್ಯಾರೆ ತಗದಿಡಬೇಕು.”

“ಅದು ಗ್ವಾಡಿ ರೊಕ್ಕ. ಒಮ್ಮಿ ಹಾಕಿದ್ರ ನಾಕು ತಲಿ ನಿಲ್ತದ, ಖರೇ, ಆದ್ರ ಒಮ್ಮಿಗೇ ಬೇಕು. ನಮ್ಮ ಝೂದಾಗ ಹೊಟ್ಟಿ ರೊಕ್ಕಕ್ಕೇ ವರ್ಷ ಮುಗೀತದ. ಚಳಿಗಾಲದಾಗ ಸಾಲಿ ಹುಡುಗರು ಬರ್ತಾವ, ಟಿಕೆಟ್ ಹರೀತಾವ. ಬ್ಯಾಸಗ್ಯಾಗ ಯಾರು ಬರ್ತಾರ? ಟಿಕೆಟ್ ಕೊಡಾವ ಖುರ್ಚಿಮ್ಯಾಗ ತೂಕಡಸ್ತಾನ. ಮಂದಿ ಬರಲಿಲ್ಲಂತ ಜಿಂಕಿ ಉಪವಾಸ ಮಾಡ್ತಾವೇನು? ಬ್ಯಾಸಗ್ಯಾಗ ನೀರಿಂದೇ ಖರ್ಚು ಹೆಚ್ಚು. ದಾನ ಕೊಡೋರು ಕೊಡ್ತಾರ, ಅದೂ ಹೊಟ್ಟಿಗೇ ಹೋಗ್ತದ. ಗ್ವಾಡಿಗಿ ಉಳಿಯಂಗಿಲ್ಲ.”

ರೊಟ್ಟಿ ಹೆಂಚಿನ ಮೇಲೆ ಸುಟ್ಟಿತು. ಅಷ್ಟು ಹಿಡಿಸಿತು ನನಗೆ ಆ ಲೆಕ್ಕ. ನಮ್ಮ ಮನೆಯ ಪಡಸಾಲೆಯ ಗೋಡೆ ಎಷ್ಟು ಮಳೆಗಾಲ ತಾಡಪತ್ರಿ ಹೊದ್ದುಕೊಂಡು ನಿಂತಿತ್ತು ಅನ್ನುವುದು ನೆನಪಾಗಿ, ಝೂದ ಮೇಲೆ ನೆಂಟಸ್ತಿಕೆಯೇ ಹುಟ್ಟಿತು.

ಹೀಗೆ ನಡೆದಿರುವಾಗ, ಹೋದ ವರ್ಷ ದಸರೆ ಮುಗಿದ ಮೇಲೆ, ಝೂಗಳನ್ನು ತಪಾಸಣೆ ಮಾಡುವವರು ಬಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕರಡಿಯನ್ನು ಇಂಥ ಪಂಜರದಲ್ಲಿ ಇಡುವ ಹಾಗಿಲ್ಲ, ಬಯಲು ಅಂಗಳ ಬೇಕು, ಸುತ್ತ ಆಳದ ಕಂದಕ ಬೇಕು, ಅದರಾಚೆ ಗೋಡೆ, ಮಲಗಲು ಕೋಣೆ, ನೀರಿನ ಹೊಂಡ ಬೇಕು. ವರ್ಷದೊಳಗೆ ಆಗದಿದ್ದರೆ ನಿಂಗಿಯನ್ನು ದೂರದ ದೊಡ್ಡ ಝೂಗೆ ಒಯ್ಯುತ್ತೇವೆ ಅಂದರು.

ಭಾಗೂ ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ. “ಅಲ್ಲಿ ಚಲೋ ನೋಡ್ಕೋತಾರ ಬಿಡು” ಅಂದ ಅವಳಪ್ಪನ ಮೇಲೆ ರೇಗಿದಳು. “ಚಲೋ ನೋಡ್ಕೋತಾರ ಅಪ್ಪಾ, ನನಗೂ ಗೊತ್ತು. ಆದ್ರ ಇಕಿಗೆ ರಸೂಲ್ ಕಾಕಾ ಒಬ್ರೇ ಗೊತ್ತು. ಅವರು ಲಗ್ನಕ್ಕ ಊರಿಗಿ ಹೋದ್ರ ಗಂಜಿ ಮುಟ್ಟಂಗಿಲ್ಲ ಇಕಿ.” ಆಮೇಲೆ ದಿನಾ ರಾತ್ರಿ ಫೋನು ಹಿಡಿದು ಅವರಿಗೆ ಇವರಿಗೆ ಬರೆಯುತ್ತಿದ್ದಳು. ಗೋಡೆಗಾಗಿ ಕೇಳುತ್ತಿದ್ದಳು. ಒಳ್ಳೆಯ ಮಾತು ಬಹಳ ಬಂದವು, ಗೋಡೆ ಬರಲಿಲ್ಲ. ಹುಡುಗಿ ಇಳಿದುಹೋದಳು. ಓಢಣಿಯಲ್ಲಿ ತುಕ್ಕಿನ ವಾಸನೆ ಮೊದಲಿಗಿಂತ ಹೆಚ್ಚಾಗಿತ್ತು. ಊಟದ ಹೊತ್ತೆಲ್ಲ ಆ ಸರಳಿಗೆ ಆತುಕೊಂಡೇ ನಿಂತಿರುತ್ತಿದ್ದಳು.

ಅಷ್ಟರಲ್ಲಿ ಎಳ್ಳಮಾಸಿ ಹತ್ತಿರ ಬಂತು. ಎಳ್ಳಮಾಸಿ ಅಂದರೆ ನಮ್ಮ ಕಡೆ ಮನೆಗೆ ಬೀಗ ಹಾಕಿ ಎಲ್ಲರೂ ಹೊಲಕ್ಕೆ ಹೋಗುವ ಅಮಾವಾಸ್ಯೆ. ಹಸಿರು ಜೋಳದ ನಡುವೆ ಪೂಜೆ ಮಾಡಿ, ಬುಟ್ಟಿಯಲ್ಲಿ ತಂದ ಅಡಿಗೆಯನ್ನು ಹೊಲದ ನಾಲ್ಕೂ ಮೂಲೆಗೆ ಎರಚುತ್ತೇವೆ. ಅದೇ ಚರಗ. ಭೂತಾಯಿಗೆ, ಹಕ್ಕಿಗೆ, ಇರುವೆಗೆ, ಕಣ್ಣಿಗೆ ಕಾಣದ ಕಾಡುಮೃಗಕ್ಕೆಲ್ಲ ಅದು ಪಾಲು. ಎರಚುತ್ತಾ “ಹುಲಿಗೋ, ಹುಲಿಗೋ” ಅಂತ ಕೂಗುತ್ತೇವೆ. ನಮ್ಮ ಹೊಲಕ್ಕೆ ಹುಲಿ ಬಂದದ್ದನ್ನು ನನ್ನ ಅಜ್ಜಿಯೂ ನೋಡಿಲ್ಲ, ಆದರೂ ಅದರ ಪಾಲು ತಪ್ಪಿಸಿಲ್ಲ.

ನಾನು ಗಿರಣಿಯಲ್ಲಿ ಸಜ್ಜೆ ಬೀಸಿಸಲು ಪಾಳಿ ಹಚ್ಚಿ ನಿಂತಿದ್ದೆ. ಹೆಂಗಸರೆಲ್ಲ ಹಬ್ಬದ ಮಾತಾಡುತ್ತಿದ್ದರು. ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂತು. “ವರ್ಷಾ ಕಾಣಲಾರದ ಹುಲಿಗಿ ಚರಗಾ ಚೆಲ್ತೇವಲ್ಲ, ಈ ವರ್ಷ ಕಾಣೂ ಕರಡಿಗಿ ಕೊಡೋಣು. ಮುಂದಿನ ವರ್ಷ ಇರ್ತಾಳೋ ಇಲ್ಲೋ ಪಾಪ, ನಮ್ಮ ನಿಂಗಿ” ಅಂದೆ. ಅಷ್ಟೇ ಅಂದದ್ದು ನಾನು. ಜೇವರ್ಗಿಗೆ ಕೊಟ್ಟ ನನ್ನ ತಂಗಿ ಗಂಗಮ್ಮನಿಗೆ ಫೋನಿನಲ್ಲೂ ಅಂದೆ. ಬೀಗರಿಗೆ ಹಬ್ಬಕ್ಕೆ ಕರೆಯುವಾಗ ಅವರಿಗೂ ಒಂದು ಮಾತು ಅಂದೆ. ಹೀಗೆ ಅಲ್ಲೊಂದು ಇಲ್ಲೊಂದು.

ನಿಮಗೆ ಗಿರಣಿಯ ಶಕ್ತಿ ಗೊತ್ತಿಲ್ಲ. ಭಾಗೂ ಫೋನಿನಲ್ಲಿ ಎಷ್ಟೋ ದಿನ ಬರೆದರೂ ಒಬ್ಬರು ಬರಲಿಲ್ಲ. ಗಿರಣಿಯಲ್ಲಿ ಆಡಿದ ಮಾತಿಗೆ ಮೂರು ತಾಲೂಕು ಎದ್ದು ಬಂತು.

ಎಳ್ಳಮಾಸಿಯ ದಿನ ಹೊಲದ ಪೂಜೆ ಮುಗಿಸಿ ನಾವು ಬುಟ್ಟಿ ಹೊತ್ತು ಝೂ ಮುಟ್ಟುವಷ್ಟರಲ್ಲಿ ಗೇಟಿನ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಭೂಸನೂರಿನಿಂದ ಬೀಗರು ತಮ್ಮ ಓಣಿಯನ್ನೇ ತುಂಬಿಕೊಂಡು ಬಂದಿದ್ದರು. ಜೇವರ್ಗಿಯ ಗಂಗಮ್ಮ ಇಳಿಯುತ್ತಲೇ “ಎಲ್ಲದಾಳ ನಿಮ್ಮ ಕರಡಿ? ಬಿಸಿ ಇದ್ದಾಗೇ ಉಣ್ಣಲಿ” ಅಂದಳು. ಸೊಪ್ಪು-ಕಾಳಿನ ಭಜ್ಜಿಯ ಬೋಗುಣಿಗಳು, ಸಜ್ಜೆ ಕಡುಬು, ರೊಟ್ಟಿಯ ಅಟ್ಟಿ, ಹಿಂಡಿಪಲ್ಯ, ಶೇಂಗಾ ಹೋಳಿಗೆ, ಕೊಡಗಟ್ಟಲೆ ಅಂಬಲಿ. ಒಂದು ಕರಡಿ ಹೋಗಲಿ, ಒಂದು ಅಡವಿಯ ಕರಡಿಗಳೆಲ್ಲ ಬಂದರೂ ಮುಗಿಯುವ ಹಾಗಿರಲಿಲ್ಲ.

ಭಾಗೂ ಓಡೋಡಿ ಬಂದಳು. “ಆಯಿ! ಏನ್ ಬೇ ಇದು? ಹೊರಗಿಂದು ತಿನ್ನಾಕ ಕೊಡಬಾರದಂತ ದೊಡ್ಡ ಬೋರ್ಡ್ ಹಾಕ್ಯದ! ಹೋಳಿಗಿ ತಿಂದ್ರ ಅದಕ್ಕ ಸಕ್ಕರಿ ಬ್ಯಾನಿ ಬರ್ತದ!”

“ಸಕ್ಕರಿ ಬ್ಯಾನಿ ನನಗೂ ಅದ, ನಾ ತಿನ್ನೂದು ಬಿಟ್ಟೇನೇನು?” ಅಂದೆ. ಆದರೆ ಝೂದ ಡಾಕ್ಟರು ಪಂಜರದ ಮುಂದೆ ಎರಡೂ ಕೈ ಅಗಲಿಸಿ ನಿಂತುಬಿಟ್ಟಿದ್ದರು, ಜಾತ್ರೆಯ ನೂಕಿನಲ್ಲಿ ಪೊಲೀಸರು ನಿಲ್ಲುವ ಹಾಗೆ. “ಯಾರೂ ಮುಂದ ಬರಬ್ಯಾಡ್ರಿ, ಕೈ ಮುಗೀತೇನಿ” ಅನ್ನುತ್ತಿದ್ದರು.

ಮಂದಿಗೆ ಅವಮಾನವಾಯಿತು. “ಚರಗಾ ಹೊಳ್ಳಿ ಮನಿಗಿ ಒಯ್ಯಬಾರದು. ಮತ್ತೇನ್ ಮಾಡೂದು?” ಅಂತ ಗಂಗಮ್ಮ ಬುಟ್ಟಿಯನ್ನು ನನ್ನ ಕಾಲ ಮುಂದೆಯೇ ಇಟ್ಟಳು. ಎಲ್ಲರೂ ನನ್ನನ್ನೇ ನೋಡಿದರು. ಸುಳ್ಳು ಹೇಳುವುದಿಲ್ಲ, ಕರಡಿಯ ಬೆನ್ನ ಮೇಲೆ ಕುಳಿತಾಗ ಆದದ್ದು ಮತ್ತೆ ಆಗುತ್ತದೇನೋ ಅನ್ನಿಸಿತು. ಭಾಗೂನ ಕಣ್ಣಲ್ಲಿ ನೀರು ಬಂದಿತ್ತು.

ರಸೂಲ್ ನನ್ನನ್ನು ಉಳಿಸಿದರು. ಬೇವಿನ ಮರದ ಕೆಳಗೆ ಒಂದು ಜಮಖಾನೆ ಬಿಡಿಸಿ, “ನಿಂಗೀದು ನಾ ಉಣ್ತೇನ್ರಿ ಅಮ್ಮಾ. ಇಷ್ಟ ವರ್ಷ ಉಣ್ಣಿಸೇನಿ, ಇವತ್ತ ಆಕಿ ಹೆಸರಿನ್ಯಾಗ ನನಗ ಬಡಸ್ರಿ” ಅಂತ ಕುಳಿತೇಬಿಟ್ಟರು. ಅವರ ಮಗ್ಗುಲಿಗೆ ಟಿಕೆಟ್ಟಿನವನು ಕುಳಿತ. ಕಸ ಗುಡಿಸುವವರು ಕುಳಿತರು. ಕೊನೆಗೆ ಡಾಕ್ಟರೂ ಕೈ ಇಳಿಸಿ ಕುಳಿತರು. ಝೂ ನೋಡಲು ಬಂದ ಮಂದಿಗೂ ಎಲೆ ಬಿತ್ತು. ಬೇವಿನ ಬನವೆಲ್ಲ ಹೊಲದ ಹಾಗೆ ಆಯಿತು.

ಉಂಡ ಮೇಲೆ ನಮ್ಮ ಮಂದಿಗೆ ಆಡುವ ಮಾತೂ ನೋಡುವ ವೇಳೆಯೂ ಬಹಳ ಇರುತ್ತದೆ. ಎಲ್ಲರೂ ಅಡಿಕೆ ಜಗಿಯುತ್ತಾ ನಿಂಗಿಯ ಮುಂದೆ ದೂರದಲ್ಲಿ ಸಾಲಾಗಿ ಕುಳಿತರು. ನಿಂಗಿ ಈ ಸರಳಿನಿಂದ ಆ ಸರಳಿಗೆ, ತಲೆ ತೂಗುತ್ತಾ. ಸಿದ್ರಾಮಪ್ಪ ಬೀಗರು ಆ ದನಿಯನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದರೋ, ಮೆಲ್ಲಗೆ ಕೇಳಿದರು.

“ಭಾಗೂ, ಎತ್ತಿನ್ನ ಕಟ್ಟಿದ್ರೂ ಹಗ್ಗ ಇದಕಿಂತ ಉದ್ದ ಬಿಡ್ತೇವಲ್ಲ ಬೇ. ಏನ್ ಬೇಕು ಇದಕ್ಕ?”

ಭಾಗೂ ಅದೇ ಹೊಟ್ಟಿ ರೊಕ್ಕ, ಗ್ವಾಡಿ ರೊಕ್ಕದ ಮಾತನ್ನು ಎಲ್ಲರಿಗೂ ಹೇಳಿದಳು. ಹೇಳುತ್ತಾ ಹೇಳುತ್ತಾ ನಡುವೆ ನಿಂತಳು. ಉಳಿದ ಬುಟ್ಟಿಗಳನ್ನು ನೋಡಿದಳು, ಟ್ರ್ಯಾಕ್ಟರುಗಳನ್ನು ನೋಡಿದಳು. ನನ್ನ ಮೊಮ್ಮಗಳಿಗೆ ಹೊಳೆಯುವಾಗ ಮೂಗಿನ ತುದಿ ಕೆಂಪಗಾಗುತ್ತದೆ, ಹುಟ್ಟಿದಾಗಿನಿಂದ ನಾನು ನೋಡಿದ್ದೇನೆ. ಕೆಂಪಗಾಯಿತು.

“ಮುತ್ಯಾ, ನಾನೂ ತಪ್ಪು ಕೇಳಾಕತ್ತಿದ್ದೆ. ಎಲ್ಲಾರ್ನೂ ಗ್ವಾಡಿ ರೊಕ್ಕ ಕೇಳಾಕತ್ತಿದ್ದೆ. ನೀವು ಹೊಟ್ಟಿದು ಕೊಡ್ರಿ. ಬೇಯಿಸಿದ್ದು ಬ್ಯಾಡ. ರಾಶಿ ಆದಾಗ ಒಂದೊಂದು ಚೀಲ ಹಸಿ ಜ್ವಾಳ ಕೊಡ್ರಿ, ಗಂಜಿಗಿ. ಜಿಂಕಿಗಿ ಜ್ವಾಳದ ದಂಟಿನ ಕಣಕಿ ಕೊಡ್ರಿ. ಬೆಲ್ಲ, ಶೇಂಗಾ, ನಿಮ್ಮ ಹೊಲದಾಗ ಏನ್ ಬೆಳೀತದ ಅದು. ಡಾಕ್ಟರ್ ನೋಡಿ ಹೂಂ ಅಂದದ್ದು ತಗೋತೇವಿ. ಅಷ್ಟು ಬಂದ್ರ ಟಿಕೆಟಿನ ರೊಕ್ಕ ಹೊಟ್ಟಿಗಿ ಹೋಗಂಗಿಲ್ಲ. ಗ್ವಾಡಿಗಿ ಉಳೀತದ!”

ಡಾಕ್ಟರು ಹೂಂ ಅಂದರು. ಗಂಗಮ್ಮ, “ಗ್ವಾಡಿ ಕಲ್ಲಿಗಿ ಯಾಕ ರೊಕ್ಕ? ನಮ್ಮ ಹೊಲದಾಗ ಕಲ್ಲು ಬಿಟ್ರ ಬ್ಯಾರೆ ಏನ್ ಬೆಳದದ ಇಷ್ಟ ವರ್ಷ? ಒಯ್ರಿ” ಅಂದಳು. ಜೇವರ್ಗಿಯ ಕಡೆಯವರೆಲ್ಲ ನಕ್ಕರು, ಅವರ ಹೊಲಗಳನ್ನು ನೋಡಿದವರಿಗೆ ಗೊತ್ತು. ಬೀಗರಿಗೆ ಈಗ ದನಿ ಮರಳಿ ಬಂತು. “ಕಬ್ಬು ಕಡದು ಮುಗಿದ ಮ್ಯಾಗ ನಮ್ಮ ಟ್ರ್ಯಾಕ್ಟರ್ ಖಾಲೀನೇ ನಿಲ್ತಾವ. ಕಂದಕದ ಮಣ್ಣು ನಾವು ಹೊರ್ತೇವಿ. ಮುಯ್ಯಿ ಲೆಕ್ಕದಾಗ ಹಿಡೀರಿ.” ಮುಯ್ಯಿ ಅಂದರೆ ಕೂಲಿ ಕೊಡದೆ ಒಬ್ಬರ ಹೊಲಕ್ಕೆ ಒಬ್ಬರು ದುಡಿಯುವುದು. ಇವತ್ತು ನಾನು ನಿಮ್ಮಲ್ಲಿ, ನಾಳೆ ನೀವು ನನ್ನಲ್ಲಿ.

“ಲೇ ಸಿದ್ರಾಮಾ, ಕರಡಿ ನಿನ್ನ ಮುಯ್ಯಿ ಹ್ಯಾಂಗ ತೀರಸ್ತದ?” ಅಂತ ಅವರ ಗೆಳೆಯರೊಬ್ಬರು ಚೇಷ್ಟೆ ಮಾಡಿದರು.

“ನಿನ್ನ ಮಮ್ಮಗನ ಲಗ್ನದಾಗ ಕುಣೀತದ ಬಿಡು.”

“ಕುಣಿಯೂದು ಬ್ಯಾಡ” ಅಂದುಬಿಟ್ಟೆ ನಾನು. ದನಿ ಸ್ವಲ್ಪ ಗಟ್ಟಿಯಾಯಿತೇನೋ, ಎಲ್ಲರೂ ತಿರುಗಿದರು. “ಇವರ ಜಾತಿ ಕುಣದದ್ದು ಸಾಕಾಗ್ಯದ. ಆಕಿ ಅಂಗಳಕ್ಕ ಇಳದ ದಿನ ನಾವು ಕುಣಿಯೋಣು.”

“ನೀವು ಕುಣೀತಿದ್ರ ಬೀಗ್ತೇರೆ, ನಾ ಎರಡು ಟ್ರ್ಯಾಕ್ಟರ್ ತರ್ತೇನಿ” ಅಂದರು ಬೀಗರು.

ಆಮೇಲಿನದು ಹೇಳಿದಷ್ಟು ಸುಲಭವಾಗಿ ಆಗಲಿಲ್ಲ. ಟ್ರಸ್ಟಿನವರು ಇಂಜಿನಿಯರನ್ನು ಕರೆಸಿದರು, ನಕ್ಷೆ ಮಂಜೂರಾಗಬೇಕಿತ್ತು, ಗಂಗಮ್ಮನ ಕಲ್ಲುಗಳಲ್ಲಿ ಇಂಜಿನಿಯರು ಅರ್ಧವನ್ನು ಬೇಡ ಅಂದರು. ಅದಕ್ಕೆ ಗಂಗಮ್ಮ ನನ್ನ ಜೊತೆ ಮಾತು ಬಿಟ್ಟಳು, ಯುಗಾದಿಗೆ ಮತ್ತೆ ಶುರು ಮಾಡಿದಳು. ಆದರೆ ರಾಶಿ ಕಾಲಕ್ಕೆ ಜೋಳದ ಚೀಲಗಳು ಬಂದೇ ಬಂದವು. ಚೀಲಗಳ ಮೇಲೆ ಮಂದಿ ತಮ್ಮ ಹೆಸರು ಬರೆಯಲಿಲ್ಲ, ಇದ್ದಿಲಿನಲ್ಲಿ ‘ನಿಂಗಿ’ ಅಂತ ಬರೆದಿದ್ದರು. ಕಣಕಿಯ ಬಣವೆ ಝೂದ ಹಿಂದೆ ಎದ್ದು ನಿಂತಿತು. ಜಿಂಕೆಗಳು ಅದನ್ನು ನೋಡಿ ಎಷ್ಟು ಖುಷಿಪಟ್ಟವೋ, ಭಾಗೂ ಅದಕ್ಕಿಂತ ಹೆಚ್ಚು.

ವರ್ಷದ ಸಭೆಗೆ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಭಾಗೂ ಎದ್ದು ನಿಂತು ವರ್ಷದ ಜಮಾ ಖರ್ಚು ಓದಿದಳು. ಟಿಕೆಟ್ಟು, ದಾನ, ಆಹಾರ, ಔಷಧ, ಪಗಾರ. ನಾನು ಅವಳ ಹಿಸಾಬನ್ನು ಕೇಳಲೇ ಇಲ್ಲ ಅನ್ನಿ, ಅವಳ ದನಿಯನ್ನು ಕೇಳಿದೆ. ಇದೇ ಹುಡುಗಿ ಅಲ್ಲವೇ, ‘ಳ’ ಅನ್ನಲು ಬಾರದೆ ನನ್ನ ತೊಡೆಯ ಮೇಲೆ ಕುಳಿತು ಅಳುತ್ತಿದ್ದವಳು? ಜೋಳಕ್ಕೆ ಇಷ್ಟು ಬೆಲೆ ಹಿಡಿದಿದ್ದೇವೆ ಅಂತ ಓದಿದ ಕೂಡಲೇ ಬೀಗರು ನಡುವೆ ಎದ್ದರು.

“ನಾ ಮಾರಿಲ್ಲ, ಕೊಟ್ಟೀನಿ. ಕೊಟ್ಟದ್ದಕ್ಕ ಬೆಲಿ ಯಾಕ ಬರೀತಿ?”

“ಬೆಲಿ ಬರೀದಿದ್ರ ನಿಂಗೀಗಿ ವರ್ಷಕ್ಕ ಎಷ್ಟು ಬೇಕು ಗೊತ್ತಾಗಂಗಿಲ್ಲ ಮುತ್ಯಾ. ಮುಂದಿನ ವರ್ಷ ನಿಮ್ಮ ಬೆಳಿ ಬರದಿದ್ರ ನಾ ಎಷ್ಟು ಹೊಂದಸಬೇಕು, ಹೇಳ್ರಿ?”

ಬೀಗರು, “ಹಂಗಿದ್ರ ಬರೀ. ಆದ್ರ ಥೋಡೆ ಕಮ್ಮಿ ಬರೀ, ಮಂದಿ ನಾ ದೊಡ್ಡಿಸ್ತಾನ ಮಾಡಾಕತ್ತೀನಿ ಅಂದಾರು” ಅಂತ ಕುಳಿತರು. ಸಭೆಯೆಲ್ಲ ನಕ್ಕಿತು. ಟ್ರಸ್ಟಿನ ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಉಳಿದದ್ದು ಗೋಡೆಗೆ ಸಾಕಾಗುತ್ತದೆ, ಗೇಟಿಗೆ ಸ್ವಲ್ಪ ಕಡಿಮೆ ಬೀಳುತ್ತದೆ ಅಂತ ಭಾಗೂ ಓದಿ ಮುಗಿಸಿದಳು. ಆ ಸ್ವಲ್ಪವನ್ನು ಅಲ್ಲಿ ಕುಳಿತವರೇ ಕೂಡಿಸಿದರು.

ಮೂರೂ ಕಡೆಯ ಮಂದಿ ಬೇಸಿಗೆಯೆಲ್ಲ ಮಣ್ಣು ಹೊತ್ತರು, ಮಳೆ ನಿಂತ ಮೇಲೆ ಗೋಡೆ ಎದ್ದಿತು. ತಪಾಸಣೆಯವರು ಬಂದು ಕಂದಕ ಅಳೆದು, ಗೋಡೆ ತಟ್ಟಿ, ಗೇಟು ಜಗ್ಗಿ ನೋಡಿ, ನಿಂಗಿ ಇಲ್ಲೇ ಇರಬಹುದು ಅಂತ ಬರೆದುಕೊಟ್ಟರು. ಆವತ್ತು ಭಾಗೂ ಮನೆಗೆ ಬಂದವಳೇ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟಳು. ನನ್ನ ಮೊಣಕಾಲಿಗೆ ಇನ್ನೂ ಅದರ ನೆನಪಿದೆ.

ಮತ್ತೆ, ನಿನ್ನೆ.

ನಿನ್ನೆ ನಿಂಗಿಯ ಹೊಸ ಕೋಣೆಯಿಂದ ಅಂಗಳಕ್ಕೆ ಹೋಗುವ ಬಾಗಿಲು ತೆಗೆದರು. ಎಲ್ಲರೂ ಗೋಡೆಗೆ ಎದೆಯಾನಿಸಿ ನಿಂತಿದ್ದೆವು. ಗದ್ದಲ ಮಾಡಬಾರದೆಂದು ಡಾಕ್ಟರು ಹೇಳಿದ್ದರಿಂದ ಬೀಗರು ತಮ್ಮ ಬಾಯಿಗೆ ಟವೆಲ್ಲು ಒತ್ತಿಕೊಂಡಿದ್ದರು. ಬಾಗಿಲು ತೆರೆದೇ ಇತ್ತು, ನಿಂಗಿ ಬರಲಿಲ್ಲ. ಹೊಸ್ತಿಲವರೆಗೆ ಬಂದಳು, ತಲೆ ತೂಗಿದಳು, ಒಳಗೆ ಹೋದಳು. ಮತ್ತೆ ಬಂದಳು, ಮತ್ತೆ ಹೋದಳು. ಸರಳುಗಳಿಲ್ಲದಿದ್ದರೂ ಹಳೆಯ ಪಂಜರದ ಸರಳು ಎದುರಿಗಿದ್ದ ಹಾಗೆಯೇ ತಿರುಗಿದಳು. ನನ್ನ ಕೈಯನ್ನು ಯಾರೋ ಹಿಡಿದಿದ್ದಾರೆ ಅನ್ನಿಸಿ ನೋಡಿದರೆ ಭಾಗೂ. ರಸೂಲ್ ಗೋಡೆಯಾಚೆಯಿಂದ, ದಿನಾ ಗಂಜಿಗೆ ಕರೆಯುವ ದನಿಯಲ್ಲಿ, “ಆಜಾ ಬೇಟಿ, ಬಾ, ನಿನ್ನದೇ ಅದ” ಅಂದರು.

ನಿಂಗಿ ಒಂದು ಕಾಲು ಮಣ್ಣಿನ ಮೇಲಿಟ್ಟು ಬೆಂಕಿ ತುಳಿದವಳ ಹಾಗೆ ಹಿಂದಕ್ಕೆ ತೆಗೆದಳು. ಮೂಸಿದಳು. ನನ್ನ ಹಾಗೇ, ನಂಬಿಕೆ ಬಾರದೆ ಮತ್ತೊಮ್ಮೆ ಮೂಸಿದಳು. ಆಮೇಲೆ ಹೊರಗೆ ಬಂದವಳೇ ಎರಡೂ ಕೈಯಿಂದ ಕೆದರಿದಳು ನೋಡಿ! ಮಣ್ಣು ಹಾರಿತು. ಮೂಗು ಆ ಗುಂಡಿಯೊಳಗೆ ಹಾಕಿ ಪುಸ್ ಅಂದಳು, ಮತ್ತೆ ಕೆದರಿದಳು, ಅದರಲ್ಲೇ ಬೆನ್ನು ಹಾಕಿ ಉರುಳಿದಳು. ಎದ್ದು ಓಡಿ ಬಂದು ನಾವು ನಿಂತ ಗೋಡೆಯ ಎದುರು ಕಂದಕದ ದಡದಲ್ಲಿ ಇನ್ನೊಂದು ಗುಂಡಿ ತೋಡತೊಡಗಿದಳು. ಗಾಳಿ ನಮ್ಮ ಕಡೆಗೇ ಇತ್ತು. ಎಲ್ಲರ ತಲೆಯ ಮೇಲೂ ಕೆಂಪು ಧೂಳು. ತಲೆ ತೂಗುವುದನ್ನು ಮರೆತೇಬಿಟ್ಟಿದ್ದಳು.

ಬೀಗರು ಕಣ್ಣೊರೆಸಿಕೊಂಡು, “ಧೂಳು ಹೋತು ಕಣ್ಣಾಗ” ಅಂದರು. ಒಂದು ಕಣ್ಣಿಗೆ ಹೋಗಿದ್ದರೆ ನಂಬುತ್ತಿದ್ದೆ.

“ಬೀಗ್ತೇರೆ, ಮಾತು ಕೊಟ್ಟೀರಿ. 
ನಾ ಎರಡು ಟ್ರ್ಯಾಕ್ಟರ್ ತಂದಿದ್ದೆ” ಅಂತ ಆಮೇಲೆ ನೆನಪಿಸಿದರು.

ಕುಣಿದೆ. ಬೇವಿನ ಬನದ ಕಡೆ ಹೋಗಿ, ನಿಂಗಿಗೆ ಗದ್ದಲವಾಗದ ಹಾಗೆ, ಸೆರಗು ಸಿಕ್ಕಿಸಿಕೊಂಡು ಕುಣಿದೆ. ಡಮರು ಇರಲಿಲ್ಲ, ಗಂಗಮ್ಮ ಖಾಲಿ ಕೊಡ ಬಡಿದಳು. ರಸೂಲ್ ಚಪ್ಪಾಳೆ ಹಾಕಿದರು. ಭಾಗೂ ಫೋನಿನಲ್ಲಿ ಅದನ್ನು ಹಿಡಿದಿದ್ದಾಳಂತೆ, ಊರೆಲ್ಲ ನೋಡಿದೆಯಂತೆ. ನೋಡಲಿ. ಊರು ನನ್ನನ್ನು ನೋಡಿ ನಕ್ಕದ್ದು ಮೊದಲ ಸಲವೇನಲ್ಲ.

ಬಸ್ಸಿನಲ್ಲಿ ಬರುವಾಗ ಭಾಗೂ ನನ್ನ ಹೆಗಲಿಗೆ ತಲೆಯಿಟ್ಟು ಮಲಗಿದಳೆಂದು ತಿಳಿದಿದ್ದೆ. ಕಣ್ಣು ಮುಚ್ಚಿಕೊಂಡೇ ಅಂದಳು, “ಆಯಿ, ತ್ವಾಳದ ಮನಿ ಛತ್ತು ಸೋರಾಕತ್ಯದ. ಮುಂದಿನ ವರ್ಷ ಅದು.” ಗ್ವಾಡಿ ರೊಕ್ಕ ಮುಗಿಯುವುದೇ ಇಲ್ಲ, ಮನೆ ಅಂದ ಮೇಲೆ. ನಾನು ಆಗಲೇ ಗಿರಣಿಯ ಪಾಳಿಯನ್ನು ನೆನೆಯುತ್ತಿದ್ದೆ.

ಹೀಗಾಗಿ ಇವತ್ತು ಬೆಳಿಗ್ಗೆ ಈ ಓಢಣಿ. ಕೂದಲಿನ ಕಮಟು ಇದೆ, ಅದು ಹೋಗುವುದಲ್ಲ. ಆದರೆ ತುಕ್ಕು ಇಲ್ಲ, ಫಿನಾಯಿಲು ಇಲ್ಲ. ಅವು ಇದ್ದ ಜಾಗದಲ್ಲೆಲ್ಲ ಮಣ್ಣು. ಮಳೆ ಬಿದ್ದ ಹೊಲದ, ಆಗಷ್ಟೇ ಕೆದರಿದ ಮಣ್ಣಿನ ವಾಸನೆ. ಕೊಡವಿದರೆ ಬಚ್ಚಲ ಕಲ್ಲಿನ ಮೇಲೆ ಕೆಂಪಗೆ ಉದುರಿತು. ಕರಡಿಯ ವಾಸನೆಗೆ ನನ್ನ ಕಾಲು ತಣ್ಣಗಾಗಲಿಲ್ಲ ಅನ್ನುವುದು ಆಗ ಲಕ್ಷ್ಯಕ್ಕೆ ಬಂತು. ಅಪ್ಪ ಕೂರಿಸಿದಾಗ ಹೋಗದ ಅಂಜಿಕೆ ಯಾವಾಗ ಹೋಯಿತೋ.

“ಆಯಿ, ನನ್ನ ಓಢಣಿ ಎಲ್ಲಿ ಅದ? ಬಸ್ ಬರೂ ಹೊತ್ತಾತು!” ಒಳಗಿನಿಂದ ಭಾಗೂ ಕೂಗಿದಳು.

“ತಗೋ, ಇದನ್ನೇ ಹಾಕ್ಕೊಂಡು ಹೋಗು.”

“ಒಗದಿಲ್ಲ? ವಾಸನಿ ಬರ್ತದ ಬೇ, ಬಸ್ಸಿನ್ಯಾಗ ಮಂದಿ ಏನಂದಾರು?”

“ಕೇಳಿದ್ರ ಹೇಳು” ಅಂದೆ, ಅವಳ ಹೆಗಲಿಗೆ ನಾನೇ ಹೊದಿಸುತ್ತಾ. “ನಮ್ಮ ನಿಂಗಿ ಅಂಗಳಕ್ಕ ಇಳದಾಳ ಅಂತ ಹೇಳು.”